ಗುರುತು ಹೇಳಿ ತಗೊಂಡು ಹೋಗು

ಅಮ್ಮನ್ನ ಕೂಗಬೇಡ, ಅವಳು ಪಾತ್ರೆ ತೊಳೀತಿದ್ದಾಳೆ. ಬಾ, ನನ್ನ ಪಕ್ಕ ಮಲಗು. ಕಾಲು ನನ್ನ ಹೊಟ್ಟೆ ಮೇಲೆ ಹಾಕಬೇಡ, ಹಾಕಿದರೆ ಕತೆ ಅರ್ಧಕ್ಕೇ ನಿಲ್ಲುತ್ತೆ. ನಾನು ಹೇಳ್ತಾ ಇರ್ತೀನಿ, ನೀನು ಹೂಂ ಅನ್ನುತ್ತಾ ಇರಬೇಕು. ಹೂಂ ನಿಂತರೆ ನಾನೂ ಮಲಗಿಬಿಡ್ತೀನಿ, ನನಗೂ ಇವತ್ತು ಸಾಕಾಗಿದೆ.

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕಿಂತ ಇನ್ನೂ ಒಂದು ಸ್ವಲ್ಪ ಆಚೆಗೆ, ಇಡೀ ಊರಿಗೆ ಗೌಡರ ಮನೆಯಲ್ಲಿ ಒಂದೇ ಒಂದು ಕನ್ನಡಿ ಇದ್ದ ಕಾಲದಲ್ಲಿ, ಈರಕ್ಕ ಅಂತ ಒಬ್ಬಳು ಮಡಿವಾಳತಿ ಇದ್ದಳಂತೆ. ಊರಿನ ಬಟ್ಟೆಯೆಲ್ಲ ಒಗೆಯೋದು ಅವಳ ಕೆಲಸ. ಅವಳಿಗೆ ಬೈಲಪ್ಪ ಅಂತ ಗಂಡ, ಒಬ್ಬಳು ಅತ್ತೆ, ಕೆಂಚಿ ಅಂತ ಐದು ವರ್ಷದ ಮಗಳು, ಮತ್ತೆ ಒಂದು ಕತ್ತೆ. ಇಷ್ಟು ಜನರಲ್ಲಿ ಹೇಳಿದ ಮಾತನ್ನ ಒಂದೇ ಸಲಕ್ಕೆ ಕೇಳುತ್ತಿದ್ದದ್ದು ಕತ್ತೆ ಮಾತ್ರ ಅಂತೆ.

ಈರಕ್ಕನಿಗೆ ದಿನಾ ಒಂದೇ ಥರ. ಕೋಳಿ ಕೂಗೋದಕ್ಕೆ ಮುಂಚೆ ಎದ್ದು ರಾಗಿ ಬೀಸಬೇಕು, ಆಮೇಲೆ ಮನೆಮನೆಗೂ ಹೋಗಿ ಬಟ್ಟೆ ಎತ್ತಿಕೊಂಡು ಬರಬೇಕು, ಆಮೇಲೆ ಕೊಳೆ ಬಿಡಿಸೋ ಸವುಳು ಮಣ್ಣಿನ ನೀರಲ್ಲಿ ನೆನೆಸಿ, ದೊಡ್ಡ ಬಾನಿಯಲ್ಲಿಟ್ಟು ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸಬೇಕು, ಆಮೇಲೆ ಕತ್ತೆ ಮೇಲೆ ಹೇರಿ ಕೆರೆಗೆ ಹೊಡೆದುಕೊಂಡು ಹೋಗಿ, ಬಂಡೆಗೆ ಬಡಿದು, ಜಾಲಿಸಿ, ಹಿಂಡಿ, ಹರವಿ, ಒಣಗಿಸಿ, ಮಡಿಸಿ, ಮತ್ತೆ ಮನೆಮನೆಗೂ ಕೊಟ್ಟು ಬರಬೇಕು. ಬಂದರೆ ಒಲೆ ಬಾಯಿ ತೆರೆದುಕೊಂಡು ಕಾಯುತ್ತಾ ಇರುತ್ತಿತ್ತಂತೆ. ಬಗ್ಗಿದ ತಲೆ ಬಗ್ಗಿದ ಹಾಗೇ. ಬೀಸುವಾಗ ಕಲ್ಲು ನೋಡಬೇಕು, ಒಗೆಯುವಾಗ ಬಂಡೆ ನೋಡಬೇಕು, ಬೇಯಿಸುವಾಗ ಬೆಂಕಿ ನೋಡಬೇಕು. ಇದರ ಮಧ್ಯೆ ಯಾರ ಮುಖ ನೋಡೋದು?

ಹಾಗಂತ ಊರಲ್ಲಿ ಯಾರು ಯಾರು ಅನ್ನೋದು ಅವಳಿಗೆ ಗೊತ್ತಿರಲಿಲ್ಲ ಅಂದುಕೋಬೇಡ. ಎಲ್ಲ ಬಟ್ಟೆಯಿಂದಲೇ ಗೊತ್ತು. ಕರಿಗೇರು ಕಾಯಿ ಇರುತ್ತಲ್ಲ, ಅದನ್ನ ಕಡ್ಡಿಯಿಂದ ಚುಚ್ಚಿದರೆ ಕಪ್ಪು ರಸ ಬರುತ್ತೆ, ಆ ರಸದಲ್ಲಿ ಬಟ್ಟೆಯ ಮೂಲೆಗೆ ಮನೆಗೊಂದು ಗುರುತು ಹಾಕುತ್ತಿದ್ದಳಂತೆ. ಗೌಡರ ಮನೆಗೆ ಎರಡು ಚುಕ್ಕೆ, ಶಾನುಭೋಗರಿಗೆ ಒಂದು ಗೀಟು, ಕಮ್ಮಾರರಿಗೆ ಒಂದು ಕೊಕ್ಕೆ. ಆ ರಸ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತೆ, ಬಟ್ಟೆಗೆ ತಾಗಿದರೆ ಬಟ್ಟೆ ಹರಿದು ಚಿಂದಿಯಾಗುವವರೆಗೂ ಹೋಗಲ್ಲ. ಅವಳು ಗುರುತು ಹಾಕುತ್ತಾ ಕೂತರೆ ಕೆಂಚಿ ಬಂದು ಅವಳ ತೊಡೆ ಮೇಲೆ ತಲೆ ಇಟ್ಟು ಮಲಗುತ್ತಿದ್ದಳಂತೆ. ಅವಳಿಗೆ ಅಮ್ಮ ಸಿಗುತ್ತಿದ್ದದ್ದು ಆ ಹೊತ್ತಲ್ಲಿ ಮಾತ್ರ. ಒಂದು ದಿನ, ಅಮ್ಮಾ, ನಮ್ಮನೆ ಗುರುತು ಯಾವುದು ಅಂತ ಕೇಳಿದಳಂತೆ. ಈರಕ್ಕ, ನಮ್ಮ ಹರಕಲು ಯಾರು ಕದೀತಾರೆ ಅಂತ ಅದಕ್ಕೊಂದು ಗುರುತು, ಸುಮ್ಮನೆ ಮಲಗು ಅಂದಳಂತೆ.

ಯಾರಾದರೂ ಕೆರೆ ಹತ್ತಿರ ಬಂದು, ಅದು ನನ್ನ ಪಂಚೆ, ಕೊಡು ಅಂದರೆ ಈರಕ್ಕ ತಲೆ ಎತ್ತದೆ, ಗುರುತು ಹೇಳಿ ತಗೊಂಡು ಹೋಗು ಅನ್ನುತ್ತಿದ್ದಳಂತೆ. ನಾನು ಕಣಮ್ಮ, ಗೌಡರ ಮಗ, ಮುಖ ನೋಡಿದರೆ ಗೊತ್ತಾಗಲ್ವಾ ಅಂದರೂ ಅಷ್ಟೇ. ನಿನ್ನ ಮುಖ ಇಟ್ಟುಕೊಂಡು ನಾನೇನು ಮಾಡಲಿ, ಗುರುತು ಹೇಳು ಅನ್ನುತ್ತಿದ್ದಳಂತೆ.

ಹೀಗಿರುವಾಗ ಒಂದು ದಿನ ಮಟಮಟ ಮಧ್ಯಾಹ್ನ, ಕೆರೆ ಏರಿ ಮೇಲಿಂದ ಯಾರೋ ಹೆಂಗಸು ಇಳಿದು ಬಂದು ಬಂಡೆ ಪಕ್ಕ ನಿಂತುಕೊಂಡಳಂತೆ. ಅಕ್ಕಾ, ಈ ದಾರಿ ಯಾವ ಊರಿಗೆ ಹೋಗುತ್ತೆ ಅಂದಳಂತೆ. ಈರಕ್ಕ ಬಗ್ಗಿದವಳು ಬಗ್ಗಿದ ಹಾಗೇ, ನೀನು ಬಂದ ಊರಿಗೆ ವಾಪಸ್ಸು ಹೋಗುತ್ತೆ ಅಂದಳಂತೆ. ಆ ಹೆಂಗಸು ನಗಲಿಲ್ಲ. ಅಕ್ಕಾ, ಸ್ವಲ್ಪ ಮುಖ ಕೊಟ್ಟು ಮಾತಾಡು ಅಂದಳಂತೆ. ಅಷ್ಟರಲ್ಲಿ ಈರಕ್ಕ ಒದ್ದೆ ಸೀರೆ ಎತ್ತಿ ಬಂಡೆಗೆ ಬಡಿದಳು, ಅವಳ ಮಾತು ಆ ಸದ್ದಲ್ಲೇ ಹೋಯಿತಂತೆ.

ಆಮೇಲೆ ಎರಡನೇ ದಿನವೂ ಬಂದಳಂತೆ. ಅಕ್ಕಾ, ಈ ನೀರು ಕುಡೀಬಹುದಾ ಅಂದಳಂತೆ. ಕೆರೆಯನ್ನ ನಮ್ಮಪ್ಪ ತೋಡಿಸಿಲ್ಲ, ಕುಡಿ ಅಂದಳಂತೆ ಈರಕ್ಕ. ಅಕ್ಕಾ, ಒಂದು ಸಲ ಮುಖ ಕೊಟ್ಟು ಮಾತಾಡು ಅಂದಳಂತೆ. ಈರಕ್ಕ ಆ ಕಡೆ ತಿರುಗಿ ಹಿಂಡುತ್ತಾ ನಿಂತಳಂತೆ.

ಮೂರನೇ ದಿನ ಈರಕ್ಕನಿಗೆ ಮೊದಲೇ ತಲೆ ಕೆಟ್ಟಿತ್ತು. ಬೆಳಗ್ಗೆ ಅತ್ತೆ ಮುದ್ದೆಯಲ್ಲಿ ಗಂಟಿದೆ ಅಂತ ಮುಖ ಸಿಂಡರಿಸಿದ್ದಳು, ಗಂಡ ಶಾನುಭೋಗರ ಶಲ್ಯ ಎಲ್ಲೋ ಬೀಳಿಸಿಕೊಂಡು ಬಂದು ಗೊತ್ತಿಲ್ಲ ಅಂದಿದ್ದ, ಹಿಂದಿನ ರಾತ್ರಿಯೆಲ್ಲ ಕೆಂಚಿಗೆ ಕೆಮ್ಮು. ಅವಳ ಸೊಂಟ ಅವಳ ಮಾತು ಕೇಳುತ್ತಿರಲಿಲ್ಲ. ಆಗ ಆ ಹೆಂಗಸು ಬಂದು, ಅಕ್ಕಾ, ಮುಖ ಕೊಟ್ಟು ಮಾತಾಡು ಅಂತ ಮತ್ತೆ ಅಂದಳಂತೆ.

“ಕೊಡೋಕೆ ನನ್ನ ಹತ್ತಿರ ಎಷ್ಟು ಮುಖ ಇದೆ? ಇರೋದೊಂದು, ಅದೂ ಯಾರಿಗೂ ಬೇಕಾಗಿಲ್ಲ. ನಿನಗೆ ಬೇಕಾದರೆ ತಗೊಂಡು ಹೋಗು, ನನ್ನ ಕೆಲಸ ಕೆಡಿಸಬೇಡ.”

ಅಂದದ್ದೇ ತಡ, ಮುಖದ ಮೇಲಿಂದ ಯಾರೋ ಒದ್ದೆ ಬಟ್ಟೆ ಎಳೆದುಕೊಂಡ ಹಾಗೆ ತಣ್ಣಗಾಯಿತಂತೆ. ಈರಕ್ಕ ಬೆಚ್ಚಿ ತಲೆ ಎತ್ತಿದಳಂತೆ. ಎದುರಿಗೆ ಒಬ್ಬ ಹೆಂಗಸು ನಿಂತಿದ್ದಾಳೆ, ಕಣ್ಣ ಕೆಳಗೆ ಕಪ್ಪು, ಒಣಗಿದ ತುಟಿ. ಯಾರಿವಳು, ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತಂತೆ. ಅವಳ ಮುಖವೇ ಮಗಾ ಅದು, ಅವಳಿಗೇ ಗುರುತು ಹತ್ತಲಿಲ್ಲ! ಆಮೇಲೆ ಬಗ್ಗಿ ನೀರಲ್ಲಿ ನೋಡಿಕೊಂಡವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳಂತೆ.

ಏನು ಕಂಡಿತಾ? ಹೂಂ ಅನ್ನು ಅಂದರೆ ಪ್ರಶ್ನೆ ಕೇಳ್ತೀಯ. ಕಣ್ಣಿದ್ದ ಕಡೆ ಕಣ್ಣು ಇತ್ತು, ಮೂಗಿದ್ದ ಕಡೆ ಮೂಗು ಇತ್ತು, ಬಾಯೂ ಇತ್ತು. ಆದರೆ ಒಗೆದು ಒಗೆದು ಬಣ್ಣ ಹೋದ ಸೀರೆ ಇರುತ್ತಲ್ಲ, ಹೂವು ಯಾವುದು ಬಳ್ಳಿ ಯಾವುದು ಗೊತ್ತಾಗದ ಹಾಗೆ, ಹಾಗಿತ್ತಂತೆ. ನೋಡುತ್ತಾ ಇರುವವರೆಗೆ ಏನೋ ಇದೆ, ಕಣ್ಣು ಆ ಕಡೆ ತಿರುಗಿಸಿದರೆ ಏನು ನೋಡಿದೆ ಅನ್ನೋದೇ ಮರೆತುಹೋಗೋದು. ಅದು ಆ ಹೆಂಗಸಿನ ಮುಖ. ಅದನ್ನ ಇವಳಿಗೆ ಬಿಟ್ಟು ಇವಳದನ್ನ ತಾನು ಹಾಕಿಕೊಂಡಿದ್ದಳು.

ಈರಕ್ಕ ಸೀರೆ ಅಲ್ಲೇ ಎಸೆದು, ಅಯ್ಯೋ ಅದು ನಂದು, ಕೊಡೇ ಅಂತ ಹಿಂದೆ ಓಡಿದಳಂತೆ. ಆ ಹೆಂಗಸು ಏರಿ ಮೇಲೆ ನಿಂತು ತಿರುಗಿ, ಈರಕ್ಕನ ಬಾಯಿಂದಲೇ ಹೇಳಿದಳಂತೆ:

“ಗುರುತು ಹೇಳಿ ತಗೊಂಡು ಹೋಗು.”

ಗುರುತು ಅಂದರೆ ಏನು ಹೇಳೋದು? ಎರಡು ಕಣ್ಣು, ಒಂದು ಮೂಗು ಅಂದಳಂತೆ. ಅದು ಊರಿಗೆಲ್ಲ ಇರೋದೇ ಅಂದಳಂತೆ ಅವಳು. ಆಮೇಲೆ ಈರಕ್ಕ ಯೋಚಿಸಿದಳು, ಯೋಚಿಸಿದಳು, ಶಾನುಭೋಗರ ಮನೆ ಒರೆಸೋ ಬಟ್ಟೆಗೆ ಎಷ್ಟು ತೂತು ಅನ್ನೋದು ಕಣ್ಣ ಮುಂದೆ ಬಂತೇ ಹೊರತು ತನ್ನ ಮುಖ ಬರಲಿಲ್ಲವಂತೆ. ಆ ಹೆಂಗಸು, ಸರಿ, ನಿನಗೆ ಗೊತ್ತಿಲ್ಲದಿದ್ದರೆ ನಿನ್ನ ಮನೆಯವರು ಯಾರಾದರೂ ಹೇಳಲಿ, ಆದರೆ ನಾನು ನೀರಲ್ಲಿ ನೋಡಿಕೊಂಡರೆ ಕಾಣದೇ ಇರೋ ಗುರುತು ಹೇಳಬೇಕು ಅಂದಳಂತೆ. ಹೊಸ ಕಲೆ ಮೂರು ಒಗೆತಕ್ಕೆ ಹೋಗದಿದ್ದರೆ ಆಮೇಲೆ ಹೋಗಲ್ಲ ಅಂತ ನಿನಗೆ ಗೊತ್ತಲ್ಲ, ಇದೂ ಹಾಗೇ, ಮೂರು ಬೆಳಗ್ಗೆ ನಾನು ಈ ಮುಖ ತೊಳೆದೆ ಅಂದರೆ ಆಮೇಲೆ ಇದು ನನ್ನದೇ ಅಂದಳಂತೆ. ಅಂದು ಊರ ಕಡೆ ನಡೆದುಬಿಟ್ಟಳಂತೆ.

ಈರಕ್ಕ ಗಂಟು ಕಟ್ಟಿಕೊಂಡು ಏಳುತ್ತಾ ಬೀಳುತ್ತಾ ಊರಿಗೆ ಬಂದರೆ ಗೌಡರ ಹೆಂಡತಿ, ಯಾರೇ ನೀನು, ನಮ್ಮ ಬಟ್ಟೆ ನಿನ್ನ ತಲೆ ಮೇಲೆ ಯಾಕಿದೆ ಅಂತ ಕಿತ್ತುಕೊಂಡಳಂತೆ. ಅಮ್ಮೋರೇ, ಹತ್ತು ವರ್ಷದಿಂದ ನಿಮ್ಮ ಬಟ್ಟೆ ಒಗೀತಿರೋ ಈರಕ್ಕ ಅಂದರೆ, ಈರಕ್ಕ ಈಗ ತಾನೇ ಈ ದಾರಿಯಲ್ಲಿ ಹೋದಳು, ನಾನೇ ಎಲೆಅಡಿಕೆ ಕೊಟ್ಟೆ ಅಂದಳಂತೆ. ಹತ್ತು ವರ್ಷದಲ್ಲಿ ನನಗೆ ಯಾವತ್ತು ಎಲೆಅಡಿಕೆ ಕೊಟ್ಟಿದ್ದಿರಿ ಅಂತ ಈರಕ್ಕನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳಂತೆ.

ಆಮೇಲೆ ಮನೆಗೆ ಬಂದರೆ ಆ ಹೆಂಗಸು ಚಾಪೆ ಹಾಸಿಕೊಂಡು ಮಲಗಿದ್ದಾಳೆ. ಅತ್ತೆ ಅವಳ ಕಾಲ ಹತ್ತಿರ ಕೂತು, ಸೊಸೆ ಇವತ್ತು ಇಷ್ಟು ಬೇಗ ಬಂದು ಮಲಗಿದಳು ಅಂದರೆ ಜ್ವರವೇ ಇರಬೇಕು ಅಂತ ಮೆಣಸಿನ ಕಷಾಯ ಕುಡಿಸುತ್ತಿದ್ದಾಳೆ. ಕೆಂಚಿ ಅವಳ ಪಕ್ಕ ಒತ್ತಿಕೊಂಡು ಮಲಗಿದ್ದಾಳೆ. ಈರಕ್ಕನನ್ನ ನೋಡಿ ಅತ್ತೆ, ಯಾರಮ್ಮ, ಕೆಲಸ ಕೇಳಿಕೊಂಡು ಬಂದೆಯಾ, ಆ ಮೂಲೆಯಲ್ಲಿರೋ ಬಟ್ಟೆ ಗಂಟು ಎತ್ತು, ನನ್ನ ಸೊಸೆಗೆ ಹುಷಾರಿಲ್ಲ ಅಂದಳಂತೆ. ಈರಕ್ಕ ಏನು ಮಾಡ್ತಾಳೆ, ಗಂಟು ಎತ್ತಿದಳಂತೆ. ಆಮೇಲೆ ರಾಗಿ ಬೀಸಿದಳು, ಒಲೆ ಹಚ್ಚಿದಳು, ಮುದ್ದೆ ಕಟ್ಟಿದಳು, ಪಾತ್ರೆ ಬೆಳಗಿದಳು. ಅವಳದೇ ಮನೆ, ಅವಳದೇ ಕೆಲಸ, ಒಂದು ಎಳೆಯೂ ವ್ಯತ್ಯಾಸ ಇಲ್ಲ. ಆಚೆ ಹೋಗಿ ಒಳಗೆ ಬಂದಾಗಲೆಲ್ಲ ಅತ್ತೆ, ಯಾರಮ್ಮ ನೀನು ಅಂತ ಹೊಸದಾಗಿ ಕೇಳುತ್ತಿದ್ದಳಂತೆ, ಅಷ್ಟೇ.

ಮೊದಲನೇ ಬೆಳಗ್ಗೆ ಆಯಿತು. ಆ ಹೆಂಗಸು ಬಚ್ಚಲಲ್ಲಿ ಬಿಸಿನೀರಲ್ಲಿ ಮುಖ ತೊಳೆದುಕೊಂಡಳಂತೆ. ಈರಕ್ಕನಿಗೆ ನೀರಲ್ಲಿ ತನ್ನ ಮುಖ ಇನ್ನೂ ಒಂದು ಪಟ್ಟು ಮಾಸಿ ಕಂಡಿತಂತೆ.

ಆಮೇಲೆ ಅವಳು ಗಂಡನ ಹತ್ತಿರ ಹೋದಳಂತೆ. ಬೈಲಪ್ಪ ಕೆರೆ ಹತ್ತಿರ ಕತ್ತೆ ಮೈ ತೊಳೆಯುತ್ತಿದ್ದ. ನಾನೇ ನಿನ್ನ ಹೆಂಡತಿ ಅಂದಳಂತೆ. ಬೈಲಪ್ಪ ನಕ್ಕು, ನನ್ನ ಹೆಂಡತಿ ಮನೆಯಲ್ಲಿ ಮಲಗಿದ್ದಾಳೆ, ಒಬ್ಬಳನ್ನ ಸಾಕೋದೇ ನನಗೆ ಸಾಕಾಗಿದೆ ಅಂದನಂತೆ. ಯಾರು ಯಾರನ್ನ ಸಾಕ್ತಿದ್ದರೋ, ಇರಲಿ ಬಿಡು. ಈರಕ್ಕ ಕೋಪ ನುಂಗಿಕೊಂಡು, ಹಾಗಾದರೆ ನಿನ್ನ ಹೆಂಡತಿ ಮುಖದ ಮೇಲೆ ಇರೋ ಒಂದೇ ಒಂದು ಗುರುತು ಹೇಳು ಅಂದಳಂತೆ. ಬೈಲಪ್ಪ ತಲೆ ಕೆರೆದುಕೊಂಡನಂತೆ. ಮುಖ, ಹೆಂಗಸರ ಮುಖ ಇದ್ದ ಹಾಗೆ ಇದೆ ಅಂದನಂತೆ. ಮಚ್ಚೆ ಇದೆಯಾ? ಇರಬಹುದು. ಹುಬ್ಬು ಹೇಗಿದೆ? ಕಣ್ಣ ಮೇಲಿದೆ. ಆಮೇಲೆ ಈರಕ್ಕ, ಹೋಗಲಿ, ನಿನ್ನ ಕತ್ತೆ ಕಳೆದುಹೋದರೆ ಏನು ಗುರುತು ಹೇಳ್ತೀಯ ಅಂದಳಂತೆ. ಎಡಗಿವಿ ತುದಿ ಹರಿದಿದೆ, ಹಣೆ ಮೇಲೆ ಬಿಳಿ ಸುಳಿ ಇದೆ, ಹಸಿವಾದರೆ ಕೆಳತುಟಿ ಇಳಿಬೀಳುತ್ತೆ ಅಂತ ಉಸಿರು ತೆಗೆದುಕೊಳ್ಳದೆ ಹೇಳಿದನಂತೆ. ಕತ್ತೆ ಮಾತ್ರ ಈರಕ್ಕನ ಕೈಗೆ ಮೂಗು ತಾಗಿಸಿ ನಿಂತಿತಂತೆ, ಆದರೆ ಅದು ಬಾಯಿಬಿಟ್ಟು ಹೇಳೋ ಹಾಗಿಲ್ಲವಲ್ಲ.

ಎರಡನೇ ಬೆಳಗ್ಗೆ ಆಯಿತು. ಆ ಹೆಂಗಸು ಮತ್ತೆ ಮುಖ ತೊಳೆದುಕೊಂಡಳು. ಅವಳಿಗೆ ಬಟ್ಟೆ ಒಗೆಯೋಕೆ ಬರುತ್ತಿರಲಿಲ್ಲ. ಎದ್ದು ಒಂದಿಷ್ಟು ಬಟ್ಟೆ ಹಂಚಿ ಬಂದರೆ ಗೌಡರ ಪಂಚೆ ಕಮ್ಮಾರರ ಮನೆಗೆ ಹೋಗಿತ್ತು, ಕಮ್ಮಾರನ ಚಡ್ಡಿ ಗೌಡರ ಮನೆಗೆ. ಆದರೂ ಯಾರಿಗೂ ಅನುಮಾನ ಬರಲಿಲ್ಲ. ಪಾಪ ಈರಕ್ಕ, ಮುಖ ನೋಡು, ಎಷ್ಟು ಬಳಲಿದ್ದಾಳೆ ಅಂದರಂತೆ. ನೋಡು, ಮುಖ ಒಂದಿದ್ದರೆ ಎಷ್ಟು ತಪ್ಪು ಬೇಕಾದರೂ ಮಾಡಬಹುದು. ಅದಿಲ್ಲದಿದ್ದರೆ ಎಷ್ಟು ಸರಿ ಮಾಡಿದರೂ ನಿನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಯಾರು ಅಂತಾರೆ.

ಅವತ್ತು ಈರಕ್ಕ ಅತ್ತೆಯ ಹತ್ತಿರ ಕೂತಳಂತೆ. ಅತ್ತೆ ಕಾಲು ನೋವು ಅಂದಳು, ಈರಕ್ಕ ಎಣ್ಣೆ ಹಚ್ಚಿ ತಿಕ್ಕಿದಳು. ಅತ್ತೆ ಇದ್ದಕ್ಕಿದ್ದ ಹಾಗೆ, ಈ ಕೈ ನನಗೆ ಗೊತ್ತು ಕಣೇ, ಇಲ್ಲಿ ಬೆರಳ ಬುಡದಲ್ಲಿ ಜಡ್ಡುಗಟ್ಟಿದೆಯಲ್ಲ, ಇದು ನಮ್ಮ ಈರಿಯ ಕೈ ಇದ್ದ ಹಾಗಿದೆ ಅಂದಳಂತೆ. ನಾನೇ ಅತ್ತೆ ಅಂದಳಂತೆ ಈರಕ್ಕ. ಅತ್ತೆ ಅವಳ ಮುಖ ನೋಡಿದಳು, ಚಾಪೆ ಮೇಲೆ ಮಲಗಿದವಳ ಮುಖ ನೋಡಿದಳು, ಮತ್ತೆ ಇವಳ ಮುಖ ನೋಡಿದಳು. ನಂಬಲಿಲ್ಲ, ಆದರೆ ಕೈ ಬಿಡಲಿಲ್ಲವಂತೆ. ಹಾಗಾದರೆ ನನ್ನ ಮುಖದ ಗುರುತೊಂದು ಹೇಳು ಅತ್ತೆ, ಹೆಣ್ಣು ನೋಡೋಕೆ ನೀನೇ ತಾನೇ ಬಂದಿದ್ದದ್ದು ಅಂದಳಂತೆ ಈರಕ್ಕ. ಅತ್ತೆ, ಬಂದಿದ್ದೆ ಕಣಮ್ಮ, ನಡಿಗೆ ನೋಡಿದೆ, ಹಲ್ಲು ನೋಡಿದೆ, ತೋಳು ಹಿಡಿದು ನೋಡಿದೆ, ಒಂದು ಗಂಟು ಎತ್ತಿಸಿಯೂ ನೋಡಿದೆ, ಮುಖ ನೋಡೋಣ ಅಂದರೆ ಹುಡುಗಿ ತಲೆ ತಗ್ಗಿಸಿಕೊಂಡು ಕೂತಿದ್ದಳು, ಮನೆಗೆ ಬಂದ ಮೇಲಂತೂ ತಲೆ ಎತ್ತೋಕೆ ನಾನೇ ಬಿಡುವು ಕೊಡಲಿಲ್ಲ ಅಂದಳಂತೆ. ಹೇಳಿ ಸೆರಗಲ್ಲಿ ಕಣ್ಣೊರೆಸಿಕೊಂಡಳಂತೆ. ಆಮೇಲೆ ನೀರು ಕುಡಿಯೋಕೆ ಅಂತ ಆ ಕಡೆ ತಿರುಗಿ, ಈ ಕಡೆ ತಿರುಗುವಷ್ಟರಲ್ಲಿ ಮರೆತು, ಯಾರಮ್ಮ ನೀನು ಅಂತ ಕೇಳಿದಳಂತೆ.

ಹೂಂ ಅನ್ನು. ಮಲಗಿದೆಯಾ? ಇಲ್ಲ? ಸರಿ.

ಇನ್ನು ಉಳಿದದ್ದು ಕೆಂಚಿ. ಐದು ವರ್ಷದ ಕೂಸಿಗೆ ಏನು ಗೊತ್ತಾಗುತ್ತೆ ಅಂತ ಈರಕ್ಕ ಮೊದಲು ಕೇಳಿರಲಿಲ್ಲ. ನಿಜ ಹೇಳಬೇಕು ಅಂದರೆ ಅವಳಿಗೆ ಭಯ. ಎರಡು ದಿನದಿಂದ ನೋಡುತ್ತಾನೇ ಇದ್ದಳಲ್ಲ, ಕೆಂಚಿ ಅಮ್ಮಾ ಅಮ್ಮಾ ಅಂತ ಆ ಹೆಂಗಸಿನ ಸೆರಗೇ ಹಿಡಿದುಕೊಂಡು ಓಡಾಡುತ್ತಿದ್ದಳು. ಒಂದು ಸಲ ಈರಕ್ಕ ಕೈ ಚಾಚಿದ್ದಕ್ಕೆ ಹೆದರಿ ಅವಳ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಮಗುವಿನ ತಪ್ಪೇನು, ಅಮ್ಮ ಅಂದರೆ ಅದಕ್ಕೆ ಆ ಮುಖವೇ ತಾನೇ. ನೀನು ಯಾರಮ್ಮ ಅಂತ ಅತ್ತೆ ಕೇಳಿದರೆ ತಡಕೋಬಹುದು. ಅದೇ ಮಾತು ಇದರ ಬಾಯಲ್ಲಿ ಬಂದರೆ ಆಮೇಲೆ ಮುಖ ವಾಪಸ್ಸು ಬಂದು ತಾನೇ ಏನು ಮಾಡೋದು ಅಂತ ಈರಕ್ಕ ರಾಗಿ ಕಲ್ಲಿನ ಮುಂದೆ ಕೂತು ಅತ್ತಳಂತೆ. ಬೀಸೋದನ್ನ ಮಾತ್ರ ನಿಲ್ಲಿಸಲಿಲ್ಲವಂತೆ.

ಮೂರನೇ ಬೆಳಗ್ಗೆ ಆಯಿತು. ಈರಕ್ಕ ಬಚ್ಚಲ ಒಲೆಗೆ ಬೆಂಕಿ ಹಾಕಿ ಊದುತ್ತಾ ಕೂತಿದ್ದಾಳೆ. ಕೆಂಚಿ ಹೊಸ್ತಿಲ ಮೇಲೆ ಕೂತು ಇದ್ದಿಲಲ್ಲಿ ಹಲ್ಲುಜ್ಜುತ್ತಿದ್ದಾಳೆ. ಆ ಹೆಂಗಸು ಬಂದು, ಹಂಡೆಯಿಂದ ಚೊಂಬು ತುಂಬಿಕೊಂಡು, ಕೈಗೆ ನೀರು ಬಗ್ಗಿಸಿಕೊಂಡಳಂತೆ. ಇನ್ನು ಆ ನೀರು ಮುಖಕ್ಕೆ ತಾಗಿದರೆ ಆಯಿತು. ಈರಕ್ಕನಿಗೆ ಏನೂ ತೋಚಲಿಲ್ಲ. ನಾನು ನಿನ್ನ ಅಮ್ಮ ಅಂದರೆ ಮಗು ಹೆದರಿ ಓಡುತ್ತೆ. ಅದಕ್ಕೆ ಅವಳು ದಾರಿಯಲ್ಲಿ ಹೋಗೋರು ಮಗುವನ್ನ ಮಾತಾಡಿಸ್ತಾರಲ್ಲ, ಹಾಗೆ, ಬೆಂಕಿ ಕಡೆ ನೋಡುತ್ತಾನೇ ಕೇಳಿದಳಂತೆ:

“ಮರಿ, ನಿನ್ನ ಅಮ್ಮ ಕಳೆದುಹೋದರೆ ಹೇಗೆ ಹುಡುಕ್ತೀಯ?”

ಕೆಂಚಿ ಕರಿ ಬಾಯಲ್ಲಿ, ನನ್ನ ಅಮ್ಮ ಕಳೆದುಹೋಗಲ್ಲ, ಗುರುತಿದೆ ಅಂದಳಂತೆ.

ಆ ಹೆಂಗಸಿನ ಕೈ ನಿಂತಿತಂತೆ.

ಏನು ಗುರುತು ಅಂದಳಂತೆ ಈರಕ್ಕ. ಕೆಂಚಿಗೆ ಖುಷಿ. ಅಮ್ಮನಿಗೆ ನಿದ್ದೆ ಬಂದರೆ ಮೊದಲು ಎಡಗಣ್ಣು ಮುಚ್ಚುತ್ತೆ, ಬಲಗಣ್ಣು ಇನ್ನೂ ಎದ್ದಿರುತ್ತೆ ಅಂದಳಂತೆ. ಆ ಹೆಂಗಸು ನಕ್ಕು, ಅದನ್ನ ಬಿಂದಿಗೆ ನೀರಲ್ಲಿ ನಿನ್ನೆಯೇ ನೋಡಿಕೊಂಡೆ ಅಂತ ನೀರು ಇನ್ನೂ ಮೇಲಕ್ಕೆ ಎತ್ತಿದಳಂತೆ. ಆಮೇಲೆ ಕೆಂಚಿ, ಬೈಯೋದಕ್ಕೆ ಮುಂಚೆ ಅಮ್ಮನ ಮೂಗಿನ ಹೊಳ್ಳೆ ಒಂದು ಸಲ ಅರಳುತ್ತೆ, ಆಗ ಓಡಿಹೋದರೆ ಏಟು ತಪ್ಪುತ್ತೆ ಅಂದಳಂತೆ. ಅದೂ ಕಂಡಿದ್ದೇನೆ, ಅದೂ ನನ್ನದೇ ಈಗ ಅಂದಳಂತೆ ಅವಳು. ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿದೆ. ಇನ್ನೊಂದು ಮರಿ, ಇನ್ನೊಂದೇ ಒಂದು ಅಂದಳಂತೆ ಈರಕ್ಕ.

ಕೆಂಚಿ ಬಾಯಿ ಮುಕ್ಕಳಿಸಿ ಉಗಿದು, ಗುಟ್ಟು ಹೇಳೋ ಹಾಗೆ ದನಿ ತಗ್ಗಿಸಿದಳಂತೆ.

“ಗದ್ದದ ಕೆಳಗೆ ನಮ್ಮನೆ ಗುರುತಿದೆ. ಗೌಡರ ಮನೇದು ಎರಡು ಚುಕ್ಕೆ, ನಮ್ಮದು ಮೂರು.”

ಆಮೇಲೆ ಎಲ್ಲಾ ಹೇಳಿದಳಂತೆ. ಒಂದು ದಿನ ಅಮ್ಮ ಬಟ್ಟೆಗೆ ಗುರುತು ಹಾಕುತ್ತಿದ್ದಳು, ನಾನು ತೊಡೆ ಮೇಲೆ ಮಲಗಿದ್ದೆ, ಸೊಳ್ಳೆ ಕಚ್ಚಿತು ಅಂತ ಅಮ್ಮ ಕಡ್ಡಿ ಹಿಡಿದ ಕೈ ಎತ್ತಿ ಗದ್ದದ ಕೆಳಗೆ ಕೆರೆದುಕೊಂಡಳು, ಕಡ್ಡಿಯಲ್ಲಿದ್ದ ಕರಿಗೇರಿನ ರಸ ತಾಗಿ ಮೂರು ಚುಕ್ಕೆ ಸುಟ್ಟಿತು, ಎರಡು ರಾಗಿ ಕಾಳಿನಷ್ಟು, ಒಂದು ಹುರುಳಿ ಕಾಳಿನಷ್ಟು, ಅಮ್ಮ ಎಣ್ಣೆ ಹಚ್ಚಿಕೊಂಡು ಮರೆತುಬಿಟ್ಟಳು, ನಾನು ಮರೆತಿಲ್ಲ, ನಿಂತುಕೊಂಡು ನೋಡಿದರೆ ಅದು ಕಾಣಲ್ಲ, ತೊಡೆ ಮೇಲೆ ಮಲಗಿದರೆ ಮಾತ್ರ ಕಾಣುತ್ತೆ, ಅದಕ್ಕೇ ಅದು ನನಗೊಬ್ಬಳಿಗೇ ಗೊತ್ತು ಅಂದಳಂತೆ.

ಆ ಹೆಂಗಸು ಒದ್ದೆ ಕೈಯನ್ನ ಗದ್ದದ ಕೆಳಗೆ ಇಟ್ಟು ಸವರಿಕೊಂಡಳಂತೆ. ಒಂದು ಸಿಕ್ಕಿತು, ಎರಡು ಸಿಕ್ಕಿತು, ಆಮೇಲೆ ಮೂರನೇದೂ ಸಿಕ್ಕಿತು. ಕೈಯಲ್ಲಿದ್ದ ನೀರೆಲ್ಲ ನೆಲಕ್ಕೆ ಹೋಯಿತಂತೆ. ಬಂಡೆಯಿಂದ ಒದ್ದೆ ಬಟ್ಟೆ ಜಾರುತ್ತಲ್ಲ, ಹಾಗೆ ಮುಖ ಅವಳಿಂದ ಜಾರಿ ಈರಕ್ಕನಿಗೆ ಬಂದು ಕೂತಿತಂತೆ.

ಕೆಂಚಿ ಅವಳನ್ನ ನೋಡಿದಳು, ಇವಳನ್ನ ನೋಡಿದಳು. ಅಳಲಿಲ್ಲ, ಕಿರುಚಲಿಲ್ಲ. ಮಡಿವಾಳರ ಮನೆ ಹುಡುಗಿ ಅಲ್ಲವಾ, ಎದ್ದು ಬಂದು ಈರಕ್ಕನ ಗದ್ದ ಹಿಡಿದು ಮೇಲಕ್ಕೆತ್ತಿ, ಕೆಳಗೆ ಬಗ್ಗಿ ನೋಡಿ, ಹೂಂ, ಮೂರಿದೆ ಅಂದಳಂತೆ. ಅಂದು ತೊಡೆ ಮೇಲೆ ಕೂತುಬಿಟ್ಟಳಂತೆ. ಮೂರು ದಿನದಿಂದ ನೀನು ನನ್ನ ಬೈದೇ ಇಲ್ಲ ಅಂತ ತಕರಾರು ಬೇರೆ ಮಾಡಿದಳಂತೆ.

ಗಲಾಟೆ ಕೇಳಿ ಅತ್ತೆ ಬಂದಳು, ಬೈಲಪ್ಪನೂ ಬಂದ. ಈರಕ್ಕ ಎದ್ದು, ಒಲೆಯಿಂದ ಒಂದು ಕೊಳ್ಳಿ ಎಳೆದುಕೊಂಡು, ಆ ಹೆಂಗಸಿನ ಸೊಂಟ ಮುರೀತೀನಿ ಅಂತ ಹೋದವಳು ಅವಳ ಮುಖ ನೋಡಿ ನಿಂತುಬಿಟ್ಟಳಂತೆ. ಆ ಮಾಸಿದ ಮುಖವನ್ನ ಮೂರು ದಿನ ತಾನೇ ಹೊತ್ತಿದ್ದಳಲ್ಲ, ಅದರ ಭಾರ ಗೊತ್ತಿತ್ತು. ಕೊಳ್ಳಿ ವಾಪಸ್ಸು ಒಲೆಗೆ ಹಾಕಿ, ನಿನ್ನ ಮುಖ ಯಾರು ತಗೊಂಡರು ಅಂತ ಕೇಳಿದಳಂತೆ.

ಯಾರೂ ತಗೊಳ್ಳಲಿಲ್ಲ ಅಕ್ಕ ಅಂದಳಂತೆ ಅವಳು. ಒಂದು ದೊಡ್ಡ ಮನೆಯಲ್ಲಿ ಮೂವತ್ತು ಜನಕ್ಕೆ ಬೇಯಿಸಿ ಬಡಿಸುತ್ತಿದ್ದೆ, ಬಡಿಸುವಾಗ ಎಲ್ಲರೂ ಎಲೆ ನೋಡೋರು, ಸೌಟು ನೋಡೋರು, ತಲೆ ಎತ್ತಿ ನನ್ನ ನೋಡಿದವರು ಒಬ್ಬರೂ ಇಲ್ಲ, ವರ್ಷ ವರ್ಷಕ್ಕೂ ಮಾಸುತ್ತಾ ಬಂತು, ಒಂದು ದಿನ ನೀರಿಗೆ ಅಂತ ಹೋಗಿ ಬಂದರೆ ಬಾಗಿಲಲ್ಲಿ ನಿಲ್ಲಿಸಿ ಯಾರು ನೀನು ಅಂದರು, ಅಲ್ಲಿಂದ ಊರೂರು ತಿರುಗಿ ಒಬ್ಬೊಬ್ಬರ ಹತ್ತಿರವೂ ಮುಖ ಕೊಡಿ ಅಂತ ಕೇಳಿದೆ, ಯಾರೂ ಕೊಡಲಿಲ್ಲ, ನೀನೊಬ್ಬಳು ಕೊಟ್ಟೆ ಅಂದಳಂತೆ. ನಾನೆಲ್ಲಿ ಕೊಟ್ಟೆ, ಬೈದೆ ಅಂದಳಂತೆ ಈರಕ್ಕ. ಬೈದಾದರೂ ಕೊಟ್ಟೆಯಲ್ಲ ಅಂದಳಂತೆ ಅವಳು.

ಅಷ್ಟು ಹೊತ್ತಿಗೆ ಅತ್ತೆ ಈರಕ್ಕನ ಗದ್ದ ಹಿಡಿದು ಮುಖವನ್ನ ಬೆಳಕಿಗೆ ತಿರುಗಿಸಿ ನೋಡುತ್ತಾ, ಏನೇ ಈರಿ, ಕಣ್ಣ ಕೆಳಗಿನ ಕಪ್ಪೆಲ್ಲ ಹೋಗಿ ಮುಖ ತಿಳಿಯಾಗಿದೆಯಲ್ಲ ಅಂದಳಂತೆ. ಮೂರು ದಿನ ಮಲಗಿಕೊಂಡೇ ಇದ್ದ ಮುಖ ಅಲ್ಲವಾ ಅತ್ತೆ, ನನ್ನ ಹತ್ತಿರ ಇದ್ದಾಗ ಅದು ಯಾವತ್ತು ಹಾಗೆ ಮಲಗಿತ್ತು ಅಂದಳಂತೆ ಈರಕ್ಕ. ಅತ್ತೆ ಒಳಗೆ ಹೋಗಿ ರಾಗಿ ಕಲ್ಲಿನ ಮುಂದೆ ತಾನೇ ಕೂತಳಂತೆ.

ಆಮೇಲೆ ಈರಕ್ಕ ಆ ಹೆಂಗಸಿಗೆ, ಹೋಗೋಕೆ ಊರಿಲ್ಲ ಕೇರಿಯಿಲ್ಲ, ಇಲ್ಲೇ ಇರು, ಬಟ್ಟೆ ಒಗೆಯೋದು ನಾನು ಕಲಿಸ್ತೀನಿ, ಇನ್ನೊಂದು ಸಲ ಗೌಡರ ಪಂಚೆ ಕಮ್ಮಾರನಿಗೆ ಕೊಟ್ಟರೆ ಮಾತ್ರ ನಿನ್ನ ಕೆರೆಗೇ ತಳ್ಳುತ್ತೀನಿ ಅಂದಳಂತೆ. ಅಂದು ಬೈಲಪ್ಪನ ಕೈಯಲ್ಲಿ ತನ್ನ ಬಂಡೆಗೆ ಎದುರಾಗಿ ಇನ್ನೊಂದು ಬಂಡೆ ಹಾಕಿಸಿದಳಂತೆ. ಪಕ್ಕಕ್ಕಲ್ಲ, ಎದುರಿಗೆ. ಎರಡು ಸಲ ಬಡಿಯೋದು, ಒಂದು ಸಲ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡೋದು. ಕೆಂಚಿ ಮಧ್ಯದಲ್ಲಿ ಕೂತು ಕಾವಲು. ಮೂರು ತಿಂಗಳಾದ ಮೇಲೆ ಒಂದು ದಿನ ಕೆಂಚಿ, ಅಮ್ಮಾ, ಇವಳ ಮುಂದಿನ ಹಲ್ಲಲ್ಲಿ ಸಂದಿ ಇದೆ ಅಂತ ಕೂಗಿದಳಂತೆ. ಆಮೇಲೆ ಒಂದು ಹುಬ್ಬು ಕಂಡಿತು, ಅದರಲ್ಲಿ ಒಂದು ಹಳೇ ಗಾಯದ ಗೆರೆ. ಆಮೇಲೆ ಕೆನ್ನೆ ಮೇಲೆ ಎಳ್ಳಿನಷ್ಟು ಮಚ್ಚೆ. ಹೀಗೆ ನೋಡುತ್ತಾ ನೋಡುತ್ತಾ ವರ್ಷ ಕಳೆಯುವಷ್ಟರಲ್ಲಿ ಅವಳದೇ ಮುಖ ಅವಳಿಗೆ ವಾಪಸ್ಸು ಬಂತಂತೆ, ಅದರ ಜೊತೆಗೆ ಮರೆತುಹೋಗಿದ್ದ ಹೆಸರೂ ಬಂತಂತೆ. ಲಚ್ಚಕ್ಕ ಅಂತ.

ಬೈಲಪ್ಪನ ಕತೆ ಕೇಳು. ದಿನಾ ಸಂಜೆ ಕೆಂಚಿ ಅವನ ತಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದಳಂತೆ. ಅಮ್ಮನ ಮುಖದ್ದು ಒಂದು ಹೊಸ ಗುರುತು ಹೇಳಿ ಮುದ್ದೆ ತಗೊಂಡು ಹೋಗು ಅನ್ನುತ್ತಿದ್ದಳಂತೆ. ಮೊದಲನೇ ದಿನ ಎರಡು ಕಣ್ಣಿದೆ ಅಂದ, ಬರೀ ಸಾರು ಸಿಕ್ಕಿತು. ಎರಡನೇ ದಿನ ಮೂಗಿದೆ ಅಂದ, ಅದೂ ಸಿಗಲಿಲ್ಲ. ಮೂರನೇ ದಿನ ಬೇರೆ ದಾರಿಯಿಲ್ಲದೆ ಒಲೆ ಮುಂದೆ ಕೂತು ಹೆಂಡತಿ ಮುಖ ಬಹಳ ಹೊತ್ತು ನೋಡಿ, ಬಲಗಡೆ ಹುಬ್ಬಲ್ಲಿ ಒಂದು ಬಿಳಿ ಕೂದಲು ಬಂದಿದೆ ಅಂದನಂತೆ. ಬಿಳಿ ಕೂದಲು ಅಂದದ್ದಕ್ಕೆ ಮುದ್ದೆ ಚಿಕ್ಕದಾಯಿತು, ನೋಡಿದ್ದಕ್ಕೆ ತುಪ್ಪ ಬಿತ್ತಂತೆ. ಈರಕ್ಕನ ಕೆಲಸ ಪೂರ್ತಿ ಕಡಿಮೆಯಾಯಿತು ಅಂತ ನಾನು ಸುಳ್ಳು ಹೇಳಲ್ಲ. ಅರ್ಧ ಆಯಿತು. ಉಳಿದ ಅರ್ಧ ಮಾಡಿಕೊಂಡು ಅವರೆಲ್ಲ ಸುಖವಾಗೇ ಇದ್ದರಂತೆ.

ಕೇಳಿದೆಯಾ, ಪಾತ್ರೆ ಸದ್ದು ನಿಂತಿತು. ಇನ್ನೇನು ಅಮ್ಮ ಕೈ ಒರೆಸಿಕೊಂಡು ಬರ್ತಾಳೆ, ಬಂದವಳೇ ದೀಪ ಆರಿಸ್ತಾಳೆ. ಅದಕ್ಕೆ ಮುಂಚೆ ಒಂದು ಸಲ ಕಣ್ಣು ಬಿಟ್ಟು ಅವಳನ್ನ ನೋಡು. ಚೆನ್ನಾಗಿ ನೋಡು, ನಾಳೆ ಕೇಳ್ತೀನಿ. ಆಮೇಲೆ ಮಲಗು. ಕತೆ ಮುಗೀತು, ಮಡಿಸಿ ಇಟ್ಟಾಯಿತು.